ಕಾಣದಿರುವುದೇ ಕಾಣುವುದಿಲ್ಲ

ಎರಡು ಸಾವಿರ ವರ್ಷಗಳಷ್ಟು ಹಳೆಯ ಒಂದು ಪತ್ರ. ಬರೆದವನು ರೋಮ್‌ನ ತತ್ತ್ವಜ್ಞಾನಿ ಸೆನೆಕಾ, ಬರೆದದ್ದು ಗೆಳೆಯ ಲೂಸಿಲಿಯಸ್‌ಗೆ. ಅದರಲ್ಲಿ ಹಾರ್ಪಾಸ್ತೆ ಎಂಬ ಹೆಂಗಸು ಬರುತ್ತಾಳೆ. ಸೆನೆಕಾನ ಮನೆಯಲ್ಲಿ ನಗಿಸುವ ಕೆಲಸಕ್ಕೆಂದು ಇದ್ದವಳು. ಒಂದು ದಿನ ಇದ್ದಕ್ಕಿದ್ದ ಹಾಗೆ ಅವಳ ಕಣ್ಣು ಹೋಯಿತು. ಕಣ್ಣು ಹೋದದ್ದು ಮನೆಯವರಿಗೆಲ್ಲ ತಿಳಿಯಿತು, ಅವಳೊಬ್ಬಳಿಗೆ ತಿಳಿಯಲಿಲ್ಲ! ಈ ಮನೆ ಬಹಳ ಕತ್ತಲು, ನನ್ನನ್ನು ಬೇರೆ ಕಡೆಗೆ ಕರೆದುಕೊಂಡು ಹೋಗಿ ಎಂದು ನೋಡಿಕೊಳ್ಳುವವರನ್ನು ದಿನವೂ ಕಾಡತೊಡಗಿದಳು. ನಂಬಲು ಕಷ್ಟ, ಆದರೂ ನಿಜ ಎಂದು ಸೆನೆಕಾ ಒತ್ತಿ ಹೇಳುತ್ತಾನೆ. ಆಮೇಲೆ ಪತ್ರ ಗಕ್ಕನೆ ನಮ್ಮ ಕಡೆಗೆ ತಿರುಗುತ್ತದೆ. ಅವಳನ್ನು ಕಂಡು ನಗುತ್ತೇವಲ್ಲ, ನಮ್ಮ ಕಥೆಯೂ ಅದೇ ಅಲ್ಲವೇ? ನಮ್ಮ ಆಸೆಬುರುಕತನ ನಮಗೆಲ್ಲಿ ಕಾಣುತ್ತದೆ? ಕಣ್ಣಿಲ್ಲದವರು ಕೈಹಿಡಿದು ನಡೆಸುವವರನ್ನಾದರೂ ಕೇಳುತ್ತಾರೆ, ನಾವು ಅದನ್ನೂ ಕೇಳುವುದಿಲ್ಲ.

ನೀತಿ ಹೇಳಲೆಂದು ಕಟ್ಟಿದ ಕಥೆ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ 1899ರಲ್ಲಿ ಆಸ್ಟ್ರಿಯಾದ ವೈದ್ಯ ಗೇಬ್ರಿಯಲ್ ಆಂಟನ್ ತನ್ನ ರೋಗಿಗಳ ಬಗ್ಗೆ ಬರೆದದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿ ದೃಷ್ಟಿ ಪೂರ್ತಿ ಹೋಗಿದ್ದರೂ ತಮಗೆ ಕಣ್ಣು ಕಾಣುವುದಿಲ್ಲ ಎಂಬುದೇ ಅವರ ಅರಿವಿಗೆ ಬರುತ್ತಿರಲಿಲ್ಲ. ಈ ಸ್ಥಿತಿಗೆ ಇಂದಿಗೂ ಆಂಟನ್‌ನ ಹೆಸರೇ ಇದೆ. ಇಂಥ ರೋಗಿಗಳು ಎದುರು ನಿಂತವರ ಅಂಗಿಯ ಬಣ್ಣ ಕೇಳಿದರೆ ಹಿಂದೆಮುಂದೆ ನೋಡದೆ ಹೇಳಿಬಿಡುತ್ತಾರೆ, ಅದು ತಪ್ಪಾಗಿರುತ್ತದೆ. ಗೋಡೆಗೆ ಢಿಕ್ಕಿ ಹೊಡೆದರೆ ಕೋಣೆಯಲ್ಲಿ ಬೆಳಕು ಕಡಿಮೆ ಎನ್ನುತ್ತಾರೆ. ಹಾರ್ಪಾಸ್ತೆಯ ಮಾತೇ, ಚಾಚೂ ತಪ್ಪದೆ! ಹದಿನೆಂಟು ಶತಮಾನ ಆಚೆಗೆ ಬರೆದ ಒಂದು ಪತ್ರ ನರವಿಜ್ಞಾನದ ಕಡತದಲ್ಲಿ ಎದ್ದು ಕೂತಿದೆ.

ಇದರ ತದ್ವಿರುದ್ಧವೂ ಇದೆ ಎಂದರೆ? ಎರಡು ಸಲ ಪಾರ್ಶ್ವವಾಯು ಬಡಿದು ಮಿದುಳಿನ ಎರಡೂ ಬದಿಯ ದೃಷ್ಟಿಭಾಗ ಹಾಳಾಗಿದ್ದ ಒಬ್ಬ ವ್ಯಕ್ತಿಯ ವಿವರ 2008ರಲ್ಲಿ ಪ್ರಕಟವಾಯಿತು. ಅವರಿಗೆ ಏನೂ ಕಾಣುತ್ತಿರಲಿಲ್ಲ, ಕೋಲು ಹಿಡಿದೇ ಓಡಾಡುತ್ತಿದ್ದರು. ಉದ್ದನೆಯ ಓಣಿಯಂಥ ಒಂದು ದಾರಿಯಲ್ಲಿ ಪೆಟ್ಟಿಗೆ, ಕುರ್ಚಿಗಳನ್ನೆಲ್ಲ ಅಡ್ಡಾದಿಡ್ಡಿ ಇಟ್ಟು, ಕೋಲಿಲ್ಲದೆ ನಡೆಯಿರಿ ಎಂದು ಅವರಿಗೆ ಹೇಳಿದರು. ನಡೆದರು. ಒಂದು ವಸ್ತುವನ್ನೂ ತಾಗದೆ, ಪ್ರತಿಯೊಂದನ್ನೂ ಬಳಸಿಕೊಂಡು ಆ ತುದಿ ಮುಟ್ಟಿದರು! ಹೇಗೆ ತಪ್ಪಿಸಿಕೊಂಡಿರಿ ಎಂದರೆ, ತಾವು ತಪ್ಪಿಸಿಕೊಂಡದ್ದೇ ಅವರಿಗೆ ಗೊತ್ತಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿ ಒಂದೇ ಅಲ್ಲ. ಅರಿವಿಗೆ ಬರುವ ದೊಡ್ಡ ದಾರಿ ಮುಚ್ಚಿದರೂ ಹಳೆಯ ಒಳದಾರಿಗಳು ತೆರೆದಿರುತ್ತವೆ. ಹಾರ್ಪಾಸ್ತೆಗೆ ತನಗೆ ಕಾಣುವುದಿಲ್ಲ ಎಂಬುದು ತಿಳಿಯದು, ಇವರಿಗೆ ತಮಗೆ ಕಾಣುತ್ತದೆ ಎಂಬುದು ತಿಳಿಯದು. ನೋಡುವುದು ಬೇರೆ, ನೋಡುತ್ತಿದ್ದೇನೆ ಎಂದು ತಿಳಿಯುವುದು ಬೇರೆ!

ಇದೆಲ್ಲ ಮಿದುಳು ಕೆಟ್ಟವರ ಮಾತಾಯಿತು, ನಮಗೇನು ಎನ್ನಬೇಡಿ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಗುಣಾಕಾರದ ಒಂದು ಗುರುತು ಹಾಕಿ. ಅಲ್ಲಿಂದ 8 ಸೆಂಟಿಮೀಟರ್ ಬಲಕ್ಕೆ, ಅದೇ ಮಟ್ಟದಲ್ಲಿ, ಮೆಣಸಿನಕಾಳಿನಷ್ಟು ಗಾತ್ರದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಗುಣಾಕಾರದ ಗುರುತನ್ನೇ ನೋಡುತ್ತ ಹಾಳೆಯನ್ನು ತೋಳಿನಳತೆಯಿಂದ ನಿಧಾನವಾಗಿ ಹತ್ತಿರ ತನ್ನಿ. ಒಂದಡಿ ದೂರಕ್ಕೆ ಬರುವಷ್ಟರಲ್ಲಿ ಚುಕ್ಕೆ ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಪ್ರತ್ಯಕ್ಷ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮೆ ಮಾರಿಯೊಟ್ ಇದನ್ನು ತೋರಿಸಿಕೊಡುವವರೆಗೆ, ಕಣ್ಣಿದ್ದ ಯಾರಿಗೂ ತಮ್ಮ ಕಣ್ಣಿನಲ್ಲಿ ಹೀಗೊಂದು ಅಂಧಬಿಂದು ಇದೆಯೆಂದು ತಿಳಿದಿರಲಿಲ್ಲ. ಕಣ್ಣಿನ ನರ ಹೊರಬೀಳುವ ಜಾಗ ಅದು. ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಸಣ್ಣ ಜಾಗವೂ ಅಲ್ಲ: ಆಕಾಶದಲ್ಲಿ ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ನಿಲ್ಲಿಸಿದರೆ ಆಗುವಷ್ಟು ಅಗಲ! (ಆಕ್ಟೋಪಸ್‌ನ ಕಣ್ಣಿನಲ್ಲಿ ನರಗಳು ಹಿಂಬದಿಯಿಂದಲೇ ಹೊರಡುವುದರಿಂದ ಅದಕ್ಕೆ ಈ ತೂತೇ ಇಲ್ಲ.)

ಚುಕ್ಕೆ ಮಾಯವಾದಾಗ ಅಲ್ಲಿ ಕಂಡದ್ದೇನು? ಕಪ್ಪು ತೂತಲ್ಲ, ಬಿಳಿ ಹಾಳೆ. ಈಗ ಚುಕ್ಕೆಯ ನಡುವೆ ಹಾದುಹೋಗುವಂತೆ ಅಡ್ಡಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಮಾಯವಾಗುತ್ತದೆ, ಗೆರೆ ಮಾತ್ರ ಎಲ್ಲೂ ತುಂಡಾಗದೆ ಸಾಗುತ್ತದೆ. ಯಾರು ಎಳೆದರು ಆ ಗೆರೆಯನ್ನು? ಕಣ್ಣು ನೋಡಲೇ ಇಲ್ಲ. ಮಿದುಳು ಅಕ್ಕಪಕ್ಕದ್ದನ್ನು ನೋಡಿ ತಾನೇ ತುಂಬಿಸಿತು, ನಮ್ಮನ್ನು ಕೇಳಲಿಲ್ಲ. ಕುರುಡು ಕಪ್ಪಾಗಿರುತ್ತದೆ ಎಂದುಕೊಂಡಿದ್ದೆವಲ್ಲ, ನಮ್ಮೊಳಗಿನ ಕುರುಡು ತುಂಬಿದ ಚಿತ್ರದಂತೆ ಇರುತ್ತದೆ. ಅದಕ್ಕೇ ಅದು ಸಿಕ್ಕಿಬೀಳುವುದಿಲ್ಲ.

ಕನ್ನಡಿಯ ಮುಂದೆಯೂ ನಿಂತು ನೋಡಿ. ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು, ಮತ್ತೆ ಎಡಗಣ್ಣನ್ನು. ಗುಡ್ಡೆ ಹೊರಳಿದ್ದು ಎಂದಾದರೂ ಕಂಡಿತೇ? ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ, ನಿಮಗೆ ಮಾತ್ರ ಎಂದಿಗೂ ಇಲ್ಲ! ಕಣ್ಣು ಜಿಗಿಯುವ ಪ್ರತಿ ಕ್ಷಣವೂ ಮಿದುಳು ನೋಟವನ್ನು ಅದುಮಿಹಿಡಿಯುತ್ತದೆ, ಆಮೇಲೆ ಸಂದನ್ನು ಬೆಸೆದುಬಿಡುತ್ತದೆ. ಸೆಕೆಂಡಿಗೆ ಎರಡು ಮೂರು ಸಲ, ಎಚ್ಚರವಿರುವಷ್ಟು ಹೊತ್ತೂ ಇದು ನಡೆದೇ ಇದೆ. ಈ ಸಾಲು ಓದುವಾಗಲೂ ನಡೆಯಿತು.

ಗಮನದ ಕುರುಡಂತೂ ಇನ್ನೂ ವಿಚಿತ್ರ. ಚೆಂಡು ಎಸೆದಾಡುವವರ ವಿಡಿಯೊ ತೋರಿಸಿ, ಎಷ್ಟು ಸಲ ಎಸೆದರು ಎಂದು ಎಣಿಸಲು ಹೇಳಿ, ನಡುವೆ ಗೊರಿಲ್ಲಾ ವೇಷದವರೊಬ್ಬರನ್ನು ನಡೆಸಿದ 1999ರ ಪ್ರಯೋಗದ ಬಗ್ಗೆ ಕೇಳಿರುತ್ತೀರಿ. ನೋಡಿದವರಲ್ಲಿ ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. ಅವರು ಸಾಮಾನ್ಯ ಜನ, ಹೋಗಲಿ. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನೋಡುವುದನ್ನೇ ಕಸುಬು ಮಾಡಿಕೊಂಡ 24 ಮಂದಿ ರೇಡಿಯಾಲಜಿ ವೈದ್ಯರಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಸ್ಕ್ಯಾನಿನ ಒಂದು ಮೂಲೆಯಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿದ್ದರು, ಅವರು ಹುಡುಕುತ್ತಿದ್ದ ಗಂಟಿಗಿಂತ 48 ಪಟ್ಟು ದೊಡ್ಡದು. 20 ಮಂದಿಗೆ ಕಾಣಲಿಲ್ಲ! ಅವರ ನೋಟ ಎಲ್ಲೆಲ್ಲಿ ಹರಿಯಿತು ಎಂದು ದಾಖಲಿಸುವ ಯಂತ್ರ ಇನ್ನೂ ದೊಡ್ಡ ಬೆರಗನ್ನು ಹೊರಗೆಡವಿತು. ಆ 20ರಲ್ಲಿ 12 ಮಂದಿಯ ಕಣ್ಣು ಗೊರಿಲ್ಲಾ ಇದ್ದ ಜಾಗದ ಮೇಲೆಯೇ ನೆಟ್ಟಿತ್ತು. ಇದನ್ನು ವೈದ್ಯರ ಅಸಡ್ಡೆ ಎಂದು ಓದಿದರೆ ದೊಡ್ಡ ಅನ್ಯಾಯ. ಗಂಟು ಹುಡುಕುವ ಗಮನ ತೀಕ್ಷ್ಣವಾದಷ್ಟೂ ಉಳಿದದ್ದು ಕರಗಿಹೋಗುತ್ತದೆ. ಬಲ್ಲವರ ಬಲದೊಳಗೇ ಈ ಕುರುಡು ಮನೆ ಮಾಡಿಕೊಂಡಿದೆ.

ನಿಮ್ಮ ಜೇಬಿಗೇ ಬರೋಣ. ನೂರರ ಹೊಸ ನೋಟು ಇದ್ದರೆ ತೆಗೆಯಿರಿ. ಎಡ ಬಲ ಅಂಚುಗಳಲ್ಲಿ ಓರೆಯಾದ ಸಣ್ಣ ಗೆರೆಗಳಿವೆ, ಎಣಿಸಿ: ನಾಲ್ಕು. ಐನೂರರ ನೋಟಿನಲ್ಲಿ ಐದು. ಇನ್ನೂರರದ್ದರಲ್ಲಿ ನಾಲ್ಕು ಗೆರೆ, ಅವುಗಳ ನಡುವೆ ಎರಡು ಪುಟ್ಟ ವೃತ್ತ. ಹೆಬ್ಬೆರಳಿನಿಂದ ಸವರಿದರೆ ಗೆರೆಗಳು ಉಬ್ಬಿರುವುದು ತಿಳಿಯುತ್ತದೆ. ನೂರರ ಮೇಲೆ ಉಬ್ಬಿದ ತ್ರಿಕೋನವೂ ಐನೂರರ ಮೇಲೆ ಉಬ್ಬಿದ ವೃತ್ತವೂ ಇವೆ. ಕಣ್ಣು ಕಾಣದವರು ನೋಟನ್ನು ಬೆರಳಲ್ಲಿ ಓದಲೆಂದು ಇಟ್ಟ ಗುರುತುಗಳಿವು. ದಿನಕ್ಕೆ ಹತ್ತು ಸಲ ಕೈ ಬದಲಾಗುವ ಕಾಗದ, ಎಣಿಸಿದ್ದೇವೆ, ಮಡಚಿದ್ದೇವೆ, ಬೆಳಕಿಗೆ ಹಿಡಿದು ಕಳ್ಳನೋಟೇ ಎಂದು ಪರೀಕ್ಷಿಸಿದ್ದೇವೆ. ಈ ಗೆರೆಗಳನ್ನು ಕಂಡವರೆಷ್ಟು ಮಂದಿ? ಹಣವನ್ನೇ ಕುರುಡಾಗಿಸಿ ಕುಣಿಸಿದರು ಬೇಂದ್ರೆ, ‘ಕುರುಡು ಕಾಂಚಾಣ’ದಲ್ಲಿ. ಆ ಕಾಂಚಾಣದ ಮೈಮೇಲೆಯೇ ಕಣ್ಣಿಲ್ಲದವರ ಲಿಪಿ ಇದೆ, ಕಣ್ಣಿದ್ದವರ ಕೈಯಲ್ಲಿ ಅದು ಅಡಗಿ ಕೂತಿದೆ! ಮೆಟ್ರೊ ನಿಲ್ದಾಣದ ಹಳದಿ ಹಾಸುಗಲ್ಲುಗಳ ಕಥೆಯೂ ಇದೇ. ಉದ್ದ ಗೆರೆಯಿದ್ದರೆ ಮುಂದೆ ನಡೆ, ಉಬ್ಬು ಚುಕ್ಕೆಯಿದ್ದರೆ ನಿಲ್ಲು, ಎಚ್ಚರ ಎಂದು ಅಂಗಾಲಿಗೆ ಹೇಳುವ ಭಾಷೆ ಅದು. ಜಪಾನಿನ ಸೆಯಿಚಿ ಮಿಯಾಕೆ ಕಂಡುಹಿಡಿದದ್ದು, ಮೊದಲು ಹಾಸಿದ್ದು 1967ರಲ್ಲಿ ಒಕಯಾಮ ನಗರದಲ್ಲಿ. ನಾವು ಅದರ ಮೇಲೇ ಚೀಲ ಇಟ್ಟು ಮೊಬೈಲ್ ನೋಡುತ್ತ ನಿಲ್ಲುತ್ತೇವೆ.

ಕಥೆ ಕಟ್ಟುವವರಿಗೆ ಇದೆಲ್ಲ ಪ್ರಯೋಗಶಾಲೆಗಿಂತ ಮೊದಲೇ ಗೊತ್ತಿತ್ತೇ? ಸಾಫೊಕ್ಲಿಸ್‌ನ ನಾಟಕದಲ್ಲಿ ಕಣ್ಣಿಲ್ಲದ ತೈರೀಸಿಯಸ್‌ಗೆ ಎಲ್ಲವೂ ಕಾಣುತ್ತದೆ, ಕಣ್ಣಿರುವ ಈಡಿಪಸ್‌ಗೆ ತಾನು ಯಾರೆಂಬುದೇ ಕಾಣುವುದಿಲ್ಲ. ಲಂಕೇಶರ ಕನ್ನಡದಲ್ಲಿ ಅದನ್ನು ಓದಿದವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಲಿಯರ್ ದೊರೆಯ ನಾಟಕದ ಗ್ಲಾಸ್ಟರ್‌ಗೂ ಯಾವ ಮಗ ಒಳ್ಳೆಯವನು ಎಂದು ತಿಳಿಯುವುದು ಕಣ್ಣು ಕಿತ್ತ ಮೇಲೆಯೇ. ಇವು ಎಲ್ಲರೂ ಹೇಳುವ ಉದಾಹರಣೆಗಳು, ನನ್ನ ಉಸಿರು ಹಿಡಿದು ನಿಲ್ಲಿಸಿದವು ಬೇರೆ.

ಬೊರ್ಹೆಸ್! 1955ರಲ್ಲಿ ಅರ್ಜೆಂಟೀನಾದ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದಾಗ, ಅವರೇ ಹೇಳುವಂತೆ, ಸುತ್ತಲೂ 9 ಲಕ್ಷ ಪುಸ್ತಕ. ಅದೇ ಹೊತ್ತಿಗೆ ಅವರ ಕಣ್ಣು ಓದಲಾರದಷ್ಟು ಮಂಜಾಗಿತ್ತು. ಪುಸ್ತಕದ ಬೆನ್ನಿನ ಮೇಲಿನ ಹೆಸರೂ ಕಷ್ಟ. ಇನ್ನೂ ಕೇಳಿ: ಅದೇ ಕುರ್ಚಿಯಲ್ಲಿ ಮೊದಲು ಕೂತಿದ್ದ ಪಾಲ್ ಗ್ರೂಸಾಕ್‌ಗೂ ಕಣ್ಣು ಹೋಗಿತ್ತು, ಅವರಿಗೂ ಮೊದಲಿನ ಹೊಸೆ ಮಾರ್ಮೊಲ್‌ಗೂ! ಒಂದೇ ಗ್ರಂಥಾಲಯ, ಕಣ್ಣು ಕಾಣದ ಮೂವರು ನಿರ್ದೇಶಕರು. ಬೊರ್ಹೆಸ್ ಅಳುತ್ತ ಕೂರಲಿಲ್ಲ, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಹಳೆಯ ಇಂಗ್ಲಿಷನ್ನು ಕಿವಿಯಿಂದಲೇ ಕಲಿಯತೊಡಗಿದರು. ಕುರುಡಿನ ಬಗ್ಗೆ ಅವರು ಕೊಟ್ಟ ಉಪನ್ಯಾಸದಲ್ಲಿ ಒಂದು ವಿಷಯವಿದೆ: ಅವರಿಗೆ ಕತ್ತಲು ಇರಲಿಲ್ಲ. ಕಪ್ಪು, ಕೆಂಪು ಎರಡೂ ಬಣ್ಣ ಹೊರಟುಹೋಗಿ ಹಸಿರು ನೀಲಿಯ ಒಂದು ಮಂಜು ಸದಾ ಮಿನುಗುತ್ತಿತ್ತು. ಕಗ್ಗತ್ತಲಲ್ಲಿ ಮಲಗಿ ರೂಢಿಯಿದ್ದ ಮನುಷ್ಯ ಆ ಬೆಳಕಿನ ಕಾಟದಲ್ಲಿ ನಿದ್ದೆ ಮಾಡುವುದನ್ನು ಕಲಿಯಬೇಕಾಯಿತು. ಪೋರ್ಚುಗಲ್‌ನ ಸರಮಾಗೊ 1995ರ ಕಾದಂಬರಿಯಲ್ಲಿ ಇಡೀ ಊರಿಗೆ ಹಬ್ಬಿಸಿದ ಕುರುಡೂ ಕಪ್ಪಲ್ಲ, ಹಾಲಿನಂಥ ಬಿಳಿ. ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿಕೊಂಡವನಿಗೆ ಮೊದಲು ತಗಲುತ್ತದೆ, ಆಮೇಲೆ ಅವನನ್ನು ಪರೀಕ್ಷಿಸಿದ ಕಣ್ಣಿನ ವೈದ್ಯನಿಗೇ! ಯಾರಿಗೂ ಹೆಸರಿಲ್ಲದ ಆ ಕಥೆಯಲ್ಲಿ ಕಣ್ಣು ಉಳಿಯುವುದು ವೈದ್ಯನ ಹೆಂಡತಿಗೆ ಮಾತ್ರ, ಗಂಡನ ಜೊತೆಗಿರಲು ಅವಳು ಕಾಣುವುದಿಲ್ಲವೆಂದು ಸುಳ್ಳು ಹೇಳುತ್ತಾಳೆ.

ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್‌ನ 1904ರ ಕಥೆ ಇದನ್ನು ತಲೆಕೆಳಗು ಮಾಡುತ್ತದೆ. ಆಂಡೀಸ್ ಪರ್ವತಗಳ ನಡುವೆ ಹೊರಜಗತ್ತಿಗೆ ಸಂಪರ್ಕವಿಲ್ಲದ ಒಂದು ಕಣಿವೆ. ತಲೆಮಾರುಗಳಿಂದ ಅಲ್ಲಿ ಯಾರಿಗೂ ಕಣ್ಣಿಲ್ಲ, ಕಣ್ಣು ಎಂಬ ಕಲ್ಪನೆಯೂ ಇಲ್ಲ. ನೂನ್ಯೆಸ್ ಎಂಬ ಕಣ್ಣಿರುವವನೊಬ್ಬ ಜಾರಿ ಅಲ್ಲಿಗೆ ಬೀಳುತ್ತಾನೆ, ಇನ್ನು ನಾನೇ ಇವರಿಗೆ ರಾಜ ಎಂದುಕೊಳ್ಳುತ್ತಾನೆ. ಆಗುವುದೇ ಬೇರೆ. ಅವರ ಮನೆಗಳಿಗೆ ಕಿಟಕಿ ಇಲ್ಲ, ಏಕೆ ಬೇಕು? ಬಿಸಿಲಿನಲ್ಲಿ ಮಲಗುತ್ತಾರೆ, ತಂಪಾದ ಇರುಳಲ್ಲಿ ಹೊಲದ ಕೆಲಸ. ಕತ್ತಲ ಮನೆಯೊಳಗೆ ಎಡವುವವನು ಕಣ್ಣಿರುವವನೇ! ಆಕಾಶ, ನಕ್ಷತ್ರ ಎಂದೆಲ್ಲ ಅವನು ಬಣ್ಣಿಸಿದರೆ ಅವರಿಗೆ ಹುಚ್ಚನ ಬಡಬಡಿಕೆ. ಕೊನೆಗೆ ಅಲ್ಲಿನ ವೈದ್ಯ ರೋಗ ಪತ್ತೆ ಮಾಡುತ್ತಾನೆ, ಮುಖದಲ್ಲಿ ಅಲುಗಾಡುವ ಆ ಎರಡು ಗುಳ್ಳೆಗಳಿಂದಲೇ ತಲೆ ಕೆಟ್ಟಿದೆ, ತೆಗೆದುಬಿಟ್ಟರೆ ಸರಿಯಾಗುತ್ತದೆ. ಕಣ್ಣಿನ ಕೊರತೆ ಎಂಬುದು ಎಷ್ಟರ ಮಟ್ಟಿಗೆ ದೇಹದಲ್ಲಿದೆ, ಎಷ್ಟರ ಮಟ್ಟಿಗೆ ಊರು ಕಟ್ಟಿದ ರೀತಿಯಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ಕೇಳಿದ ಕಥೆ ನಾನು ಇನ್ನೊಂದು ಕಂಡಿಲ್ಲ.

ಈಗ 1688ಕ್ಕೆ ಹೋಗೋಣ. ಡಬ್ಲಿನ್‌ನ ವಿಲಿಯಂ ಮೊಲಿನೊ ಎಂಬ ವಿದ್ವಾಂಸ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಕಳಿಸಿದ. ಮೊಲಿನೊನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟುಕುರುಡನೊಬ್ಬ ಗೋಲ ಯಾವುದು, ಘನ ಯಾವುದು ಎಂದು ಮುಟ್ಟಿ ಗುರುತಿಸಲು ಕಲಿತಿದ್ದಾನೆ. ಅವನಿಗೆ ಒಮ್ಮೆಲೇ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಇದು ಗೋಲ, ಇದು ಘನ ಎನ್ನಬಲ್ಲನೇ? ಬಲ್ಲ ಎಂದು ನಮ್ಮ ನಾಲಗೆಗೆ ಬರುತ್ತದೆ. ಇಬ್ಬರೂ ಇಲ್ಲ ಎಂದರು. 1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಚೆಸೆಲ್ಡನ್ ತಾನು ಕಣ್ಣಿನ ಪೊರೆ ತೆಗೆದ ಒಬ್ಬ ಹುಡುಗನ ಬಗ್ಗೆ ಬರೆದ. ಆ ಹುಡುಗನಿಗೆ ಮೊದಮೊದಲು ಎಲ್ಲ ವಸ್ತುಗಳೂ ಕಣ್ಣಿಗೇ ಒತ್ತಿಕೊಂಡಂತೆ ಅನ್ನಿಸುತ್ತಿತ್ತಂತೆ. ಬೆಕ್ಕು ಯಾವುದು ನಾಯಿ ಯಾವುದು ಎಂದು ಪದೇ ಪದೇ ಮರೆಯುತ್ತಿದ್ದ, ಕೇಳಲು ನಾಚಿಕೆ. ಒಂದು ದಿನ ಬೆಕ್ಕನ್ನು ಹಿಡಿದು, ಸವರಿ ಗುರುತಿಸಿ, ಅದನ್ನೇ ದಿಟ್ಟಿಸಿ ನೋಡಿ, ಇನ್ನು ನಿನ್ನನ್ನು ಮರೆಯುವುದಿಲ್ಲ ಎಂದು ಕೆಳಗಿಳಿಸಿದ.

ಈ ಪ್ರಶ್ನೆಗೆ ಕಟ್ಟುನಿಟ್ಟಾದ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ, ಮೂರು ಶತಮಾನದ ನಂತರ! ಅಮೆರಿಕದ ಎಂಐಟಿಯ ಪವನ್ ಸಿನ್ಹಾ ನಡೆಸುವ ‘ಪ್ರಾಜೆಕ್ಟ್ ಪ್ರಕಾಶ್’, ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಪೊರೆ ಕಟ್ಟಿ ಕಣ್ಣು ಕಾಣದೆ ಬೆಳೆದ ಮಕ್ಕಳನ್ನು ಹುಡುಕಿ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8ರಿಂದ 17 ವಯಸ್ಸಿನ ಐವರು. ಪಟ್ಟಿ ಬಿಚ್ಚಿ ಎರಡು ದಿನದೊಳಗೆ ಆಟಿಕೆ ಇಟ್ಟಿಗೆಯಂಥ ವಸ್ತುಗಳನ್ನು ಕೊಟ್ಟರು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸಿದರು, ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸಿ ಎಂದಾಗ ಮಾತ್ರ ಕಣ್ಮುಚ್ಚಿ ಊಹಿಸಿದಷ್ಟೇ ಸರಿ, ಸುಮಾರು ಶೇಕಡ 58. ಮೊಲಿನೊ ಗೆದ್ದ! ಆದರೆ ತಡೆಯಿರಿ. ಕೆಲವೇ ದಿನಗಳ ಮೇಲೆ ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಯಾರೂ ಕಲಿಸದೆ, ಕೈ ಮತ್ತು ಕಣ್ಣು ಒಂದನ್ನೊಂದು ಕಂಡುಕೊಂಡಿದ್ದವು. ಹೊಸದಾಗಿ ಕಣ್ಣು ಬಂದವರಿಗೆ ಚೌಕದ ಮೇಲೆ ವೃತ್ತ ಇಟ್ಟು ತೋರಿಸಿದರೆ ಎರಡೂ ಒಂದರ ಮೇಲೊಂದು ಬಂದ ತುಂಡನ್ನೂ ಬೇರೆಯೇ ವಸ್ತುವೆಂದು ಎಣಿಸುತ್ತಾರೆ. ಅದೇ ಆಕಾರಗಳನ್ನು ಚಲಿಸಲು ಬಿಡಿ, ಥಟ್ಟನೆ ಇಡಿಯಾಗಿ ಕಾಣುತ್ತವೆ! ಜಗತ್ತು ಅಲುಗಾಡಿದಾಗ ಯಾವುದು ಯಾವುದರ ಜೊತೆ ಸಾಗುತ್ತದೆ ಎಂಬುದರಿಂದ ಕಣ್ಣು ವಸ್ತುವನ್ನು ಕಲಿಯುತ್ತದೆ. ನಾವೆಲ್ಲ ತೊಟ್ಟಿಲಲ್ಲಿ ಕಲಿತು ಮರೆತ ಪಾಠ ಇದು.

ಕಣ್ಣಿಲ್ಲದೆಯೂ ಕಲಿಯಬಹುದಾದದ್ದು ಎಷ್ಟು ಎಂದು ತಿಳಿಯಬೇಕಾದರೆ ಗದಗಕ್ಕೆ ಬನ್ನಿ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಆ ಸೀಮೆಯ ಜನರ ಬಾಯಲ್ಲಿ ಅವರು ಪುಟ್ಟಯ್ಯಜ್ಜ. ಹಾಡಿಕೆ, ಹಾರ್ಮೋನಿಯಂ, ತಬಲಾ, ಸಾರಂಗಿ ಎಲ್ಲವೂ ಅವರ ಕೈಯಲ್ಲಿ. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಪುಸ್ತಕ ರಚಿಸಿದರು, ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿದರು, ಭಗವದ್ಗೀತೆಯನ್ನು ಬ್ರೈಲಿಗೆ ಇಳಿಸಿದರು. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಅನ್ನ, ವಿದ್ಯೆ ಸಿಕ್ಕಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಕಣ್ಣಿದ್ದವರೂ ಕಲಿಯಲು ಅಲ್ಲಿಗೇ ಹೋದರು! ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರ್ ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತರು. ವೆಲ್ಸ್ ಕಲ್ಪಿಸಿದ ಕಣಿವೆಯಲ್ಲಿ ಕಣ್ಣಿರುವವನಿಗೂ ಇಲ್ಲದವರಿಗೂ ನಡುವೆ ದಾರಿಯೇ ತೆರೆಯಲಿಲ್ಲ. ಗದಗದಲ್ಲಿ ತೆರೆಯಿತು, ಸ್ವರದಲ್ಲಿ.

ಅದೇ ಗದಗದ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದನೆಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಕಣ್ಣಿಲ್ಲದ ರಾಜನ ಕಥೆಗೂ ಕಣ್ಣಿಲ್ಲದ ಗುರುಗಳ ಆಶ್ರಮಕ್ಕೂ ಒಂದೇ ಊರು! ಧೃತರಾಷ್ಟ್ರನ ಬಗ್ಗೆ ಯೋಚಿಸಿದಾಗ ಮಾತ್ರ ನನ್ನ ಇಷ್ಟೂ ಹೊತ್ತಿನ ಮಾತು ಒಂದು ಕಡೆ ತೊಡರುತ್ತದೆ. ಹಾರ್ಪಾಸ್ತೆಯ ಹಾಗಲ್ಲ ಅವನು. ಮಗ ತಪ್ಪುತ್ತಿದ್ದಾನೆ, ಮೋಹ ತನ್ನನ್ನು ಕಟ್ಟಿಹಾಕಿದೆ ಎಂಬುದು ಅವನಿಗೆ ಗೊತ್ತು, ವಿದುರ ಇರುಳೆಲ್ಲ ಕೂತು ಹೇಳಿದ್ದಾನೆ. ತಿಳಿದೂ ತಿರುಗಿ ಮಲಗುವ ಕುರುಡು ಅದು, ಮೇಲೆ ಹೇಳಿದ ಯಾವ ಪ್ರಯೋಗವೂ ಮುಟ್ಟದ್ದು. ಯುದ್ಧಕ್ಕೆ ಮುಂಚೆ ವ್ಯಾಸರು ಕಣ್ಣು ಕೊಡುತ್ತೇನೆ, ನೋಡು ಎಂದಾಗ ಬೇಡ ಎಂದವನು ಅವನು. ಬಂಧುಗಳು ಸಾಯುವುದನ್ನು ನೋಡಲಾರೆ, ಕೇಳುತ್ತೇನೆ ಎಂದ. ದೃಷ್ಟಿ ಸಂಜಯನಿಗೆ ಹೋಯಿತು. ಇಡೀ ಗೀತೆ ಒಬ್ಬ ಕಣ್ಣಿಲ್ಲದವನಿಗೆ ಹೇಳಿದ ವರದಿ!

ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ, ಹಾಗಾಗಿ ಮುಂದಿನ ಭಾಗ ನಮ್ಮ ಗಮಕಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ವ್ಯಾಸಭಾರತದ ಆಶ್ರಮವಾಸಿಕಪರ್ವದಲ್ಲಿ, ಯುದ್ಧ ಮುಗಿದು ಹದಿನೈದು ವರ್ಷ ದಾಟಿದ ಮೇಲೆ, ಗಂಗೆಯ ದಡದಲ್ಲಿ ಒಂದು ಸಂಜೆ ಸತ್ತವರೆಲ್ಲ ನೀರಿನಿಂದ ಎದ್ದು ಬರುತ್ತಾರೆ. ಒಂದೇ ರಾತ್ರಿಯ ಭೇಟಿ. ಆ ಹೊತ್ತಿಗೆ ವ್ಯಾಸರು ಧೃತರಾಷ್ಟ್ರನಿಗೆ ಕಣ್ಣು ಕೊಡುತ್ತಾರೆ. ಹುಟ್ಟಿದಾಗಿನಿಂದ ತನ್ನ ಮಕ್ಕಳ ಮುಖ ಕಾಣದಿದ್ದ ತಂದೆ ಅವರನ್ನು ಮೊದಲ ಸಲ ನೋಡುತ್ತಾನೆ.

ದೆಹಲಿಯ ಮಕ್ಕಳ ಕಥೆ ಓದಿದ ಮೇಲೆ ಈ ಸಂಜೆಯನ್ನು ನಾನು ಮೊದಲಿನಂತೆ ಓದಲಾರೆ. ಮೊಲಿನೊನ ಪ್ರಶ್ನೆ ನೇರವಾಗಿ ಆ ನದೀತೀರಕ್ಕೆ ಹೋಗಿ ನಿಲ್ಲುತ್ತದೆ: ಎದುರಿಗೆ ನೂರು ಮುಖಗಳಿವೆ, ದುರ್ಯೋಧನ ಯಾರು? ಅಂಗೈಗೆ ಆ ಮುಖ ಗೊತ್ತು, ಕಿವಿಗೆ ಆ ದನಿ ಗೊತ್ತು, ಹೊಸ ಕಣ್ಣಿಗೆ ಏನೂ ಗೊತ್ತಿಲ್ಲ. ಮಕ್ಕಳಿಗೆ ಕೆಲವು ದಿನಗಳಾದರೂ ಸಿಕ್ಕವು, ಇವನಿಗಿರುವುದು ಬೆಳಗಿನವರೆಗೆ ಮಾತ್ರ. ವ್ಯಾಸರು ಕೊಟ್ಟದ್ದು ಬರೀ ಕಣ್ಣಾಗಿದ್ದರೆ ಸಾಲುತ್ತಿರಲಿಲ್ಲ, ನೋಡಿ ನೋಡಿ ಕಲಿಯುವ ಒಂದು ಇಡೀ ಬಾಲ್ಯವನ್ನೇ ಆ ಸಂಜೆ ಅವನೊಳಗೆ ತುಂಬಿರಬೇಕು. ಇಲ್ಲವಾದರೆ ಆ ಮುದುಕ ಕಣ್ಣು ಬಿಟ್ಟುಕೊಂಡೇ ಕೈ ಚಾಚಿ ಒಬ್ಬೊಬ್ಬರ ಮುಖವನ್ನೂ ಸವರಿ ಹುಡುಕಬೇಕಾಗುತ್ತಿತ್ತು!